ಕಾಡಿನ ಮರದ ಬುಡದಲ್ಲಿ ಅಸ್ಥಿ: ನಮ್ಮ ಕಡೆ ಆಗುವ ಮಾತೇ?



ಹೋದ ತಿಂಗಳು ನಮ್ಮ ಹಳೆಯ ಸದಸ್ಯರೊಬ್ಬರ ಮಗ ಅಮೆರಿಕದಿಂದ ಫೋನ್ ಮಾಡಿದ್ದ. ತಾಯಿ ತೀರಿಕೊಂಡು ಆರು ತಿಂಗಳಾಯಿತು. ಅಸ್ಥಿಯ ಒಂದು ಭಾಗವನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟಾಗಿದೆ, ಉಳಿದದ್ದು ಮನೆಯಲ್ಲೇ ಇದೆ. "ಮಾಮ, ಅಮ್ಮ ಚಿಕ್ಕವಳಿದ್ದಾಗ ಜವಳಗಿರಿ ಕಾಡಂಚಲ್ಲಿ ದನ ಕಾಯ್ತಿದ್ದಳಂತೆ. ಅಲ್ಲೇ ಒಂದು ಮರ ಗೊತ್ತುಮಾಡಿ, ಬುಡಕ್ಕೆ ಅಸ್ಥಿ ಹಾಕಿ, ಸಣ್ಣ ಫಲಕ ಹೊಡೆಸೋಕೆ ಆಗುತ್ತಾ? ಖರ್ಚು ಎಷ್ಟಾದರೂ ಆಗಲಿ" ಎಂದ. ವಿಚಾರಿಸಿ ಹೇಳುತ್ತೇನಪ್ಪಾ ಎಂದೆ. ಆಮೇಲೆ ತಳಿಯಿಂದ ಒಬ್ಬರು, ಹೊಸೂರಿನಿಂದ ಒಬ್ಬರು ಇದೇ ಮಾತು ಎತ್ತಿದ್ದರಿಂದ ಎಲ್ಲರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಹುಡುಗನ ಆಸೆ ವಿಚಿತ್ರವೇನಲ್ಲ. ಜರ್ಮನಿಯ ರೈನ್‌ಹಾರ್ಡ್ಸ್‌ವಾಲ್ಡ್ ಎಂಬ ಕಾಡಿನಲ್ಲಿ 2001ರಿಂದಲೇ ಇಂಥ ಏರ್ಪಾಡಿದೆ. ಬದುಕಿರುವಾಗಲೇ ಮರ ಆರಿಸಿಕೊಳ್ಳಬಹುದು, ಮಣ್ಣಲ್ಲಿ ಕರಗುವ ಕುಡಿಕೆಯಲ್ಲಿ ಬೂದಿ ಹೂಳುತ್ತಾರೆ. ಹೂಹಾರ, ಮೇಣದಬತ್ತಿ ಏನೂ ಇಡುವಂತಿಲ್ಲ. ಕ್ಯಾಲಿಫೋರ್ನಿಯದಲ್ಲಿ ಒಂದು ಕಂಪನಿ ಖಾಸಗಿ ಕಾಡು ಕೊಂಡು, ಮರಕ್ಕಿಷ್ಟು ಎಂದು ಹಣ ಪಡೆದು, ಆ ಕಾಡನ್ನು ಕಡಿಯದಂತೆ ಕಾಪಾಡುವ ವ್ಯವಸ್ಥೆ ಮಾಡಿದೆ. ಅಲ್ಲಿ ಸತ್ತವರ ಹೆಸರಿನ ಹಣದಿಂದ ಕಾಡು ಉಳಿಯುತ್ತದೆ. ನಮ್ಮಲ್ಲಿ ಕಾಡು ಸರ್ಕಾರದ್ದು. ಅದನ್ನು ಉಳಿಸಲು ನಮ್ಮ ಹಣ ಬೇಕಿಲ್ಲ, ನಾವು ಒಳಗೆ ಹೋಗದಿದ್ದರೆ ಸಾಕು. ಈ ವ್ಯತ್ಯಾಸ ಅವನಿಗೆ ತಿಳಿಸಲು ನನಗೆ ಎರಡು ಫೋನ್ ಹಿಡಿಯಿತು.

ಡೆಂಕಣಿಕೋಟೆ, ಅಂಚೆಟ್ಟಿ, ಉರಿಗಂ, ಜವಳಗಿರಿ ಸುತ್ತಿನ ಕಾಡಿನ ಬಹುಭಾಗ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವಾಯಿತು. ವಿಸ್ತೀರ್ಣ 504 ಚದರ ಕಿ.ಮೀ. 2022ರ ನವೆಂಬರಿನಲ್ಲಿ ಕಾವೇರಿ ದಕ್ಷಿಣ ಎಂದು ಇನ್ನೂ 686 ಚದರ ಕಿ.ಮೀ. ಸೇರಿತು. 1972ರ ವನ್ಯಜೀವಿ ಕಾಯ್ದೆಯ 28ನೇ ಕಲಮಿನಂತೆ ಧಾಮದೊಳಗೆ ಹೋಗಲು ಪರವಾನಗಿ ಕೊಡುವುದು ಐದು ಕಾರಣಕ್ಕೆ: ವನ್ಯಜೀವಿ ಅಧ್ಯಯನ, ಫೋಟೊ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗೆ ವಾಸಿಸುವವರೊಡನೆ ವ್ಯವಹಾರ. ಅಸ್ಥಿ ವಿಸರ್ಜನೆ ಈ ಪಟ್ಟಿಯಲ್ಲಿಲ್ಲ. ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 30ನೇ ಕಲಮು ನಿಷೇಧಿಸುತ್ತದೆ. ಮಾಘ, ಫಾಲ್ಗುಣದ ಒಣ ಹುಲ್ಲಿನಲ್ಲಿ ನಮ್ಮ ಕರ್ಪೂರವೂ ಅಂಥ ಬೆಂಕಿಯೇ. ಜೀವನವೆಲ್ಲ ಫೈಲು ನೋಡಿದವನು ನಾನು, ಇದರಲ್ಲಿ ಸಂದು ಹುಡುಕುವುದು ವ್ಯರ್ಥ.

ಕಾಯ್ದೆ ಬದಿಗಿಡಿ. ಬನ್ನೇರುಘಟ್ಟದಿಂದ ಜವಳಗಿರಿ ದಾಟಿ ರಾಗಿ ಕಾಲಕ್ಕೆ ಬರುವ ಆನೆಗಳನ್ನು ನಾವೆಲ್ಲ ನೋಡಿದ್ದೇವೆ. ಒಂದು ಫಲಕ ಹೊಡೆದರೆ ವರ್ಷಾಬ್ದಿಕಕ್ಕೆ ಇಪ್ಪತ್ತು ಜನ ಹೋಗುತ್ತಾರೆ. ಎಡೆ, ಬಾಳೆಹಣ್ಣು, ಪ್ಲಾಸ್ಟಿಕ್ ತಟ್ಟೆ ಅಲ್ಲೇ ಉಳಿಯುತ್ತದೆ. ಬೂದಿ ಗೊಬ್ಬರ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಸುಟ್ಟ ಎಲುಬಿನಲ್ಲಿ ಉಪ್ಪು, ಕ್ಷಾರ ಹೆಚ್ಚು. ಎರಡು ಮೂರು ಕಿಲೋವನ್ನು ಒಂದೇ ಬುಡಕ್ಕೆ ಸುರಿದರೆ ಎಳೆ ಗಿಡ ಒಣಗುತ್ತದೆ. ಒಂದು ಹಿಡಿಯನ್ನು ಸಾಕಷ್ಟು ಮಣ್ಣಿನೊಡನೆ ಕಲಸಿ ಹಾಕಬೇಕು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಕಾಡಿನೊಳಗೇ ದೊಡ್ಡ ಸಂಪಿಗೆ ಮರವನ್ನು ಪೂಜಿಸುತ್ತಾರಲ್ಲ ಎಂದು ಹೊಸೂರಿನ ಸದಸ್ಯರು ಕೇಳಿದರು. ಸರಿಯಾದ ಪ್ರಶ್ನೆ. ಆದರೆ ಅವರದು ತಲೆತಲಾಂತರದ ವಾಸ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ನಮ್ಮ ಕಾಡಂಚಿನ ಇರುಳರು ಹಾಗೆ ಕೇಳಿದರೆ ನ್ಯಾಯ. ಪೇಟೆಯಲ್ಲಿ ಮನೆ ಕಟ್ಟಿಕೊಂಡ ನಾವು ಕೇಳಲಾಗದು.

ಹಾಗಾದರೆ ಸ್ವಂತ ಹೊಲದಲ್ಲಿ ನೆಟ್ಟರೆ? ನಮ್ಮ ತಂದೆಯವರನ್ನು ಹೊಲದ ಹುಣಸೆ ಮರದಡಿಯೇ ಮಣ್ಣು ಮಾಡಿದ್ದೆವು. ಹಾಲುತುಪ್ಪ ಬಿಟ್ಟ ದಿನ ಅಮ್ಮ ಆ ಮರವನ್ನು ಮುಟ್ಟಿ ಏನೋ ಹೇಳಿಕೊಂಡಳು. ಅಣ್ಣತಮ್ಮಂದಿರು ಭಾಗವಾದ ಮೇಲೆ ಹೊಲ ಮಾರಿದೆವು, ಈಗ ಅದು ಲೇಔಟು. ಮರ ಇದ್ದ ಜಾಗದಲ್ಲಿ ರಸ್ತೆ. ಮಾರಿದ ಪತ್ರಕ್ಕೆ ನಾನೂ ಸಹಿ ಹಾಕಿದ್ದೇನೆ, ಯಾರನ್ನೂ ದೂರುವಂತಿಲ್ಲ.

2025ರ ನವೆಂಬರ್ 14ರಂದು ತೀರಿಕೊಂಡ ಸಾಲುಮರದ ತಿಮ್ಮಕ್ಕನವರು ಹುಲಿಕಲ್ಲಿನಿಂದ ಕುದೂರಿನವರೆಗೆ ಗಂಡನ ಜೊತೆ ನೀರು ಹೊತ್ತು ಬೆಳೆಸಿದ 385 ಆಲದ ಮರಗಳೂ 2019ರಲ್ಲಿ ರಸ್ತೆ ಅಗಲೀಕರಣದ ಬಾಯಿಗೆ ಬಂದಿದ್ದವು. ಆ ತಾಯಿಯೇ ಸರ್ಕಾರದ ಮುಂದೆ ಹೋಗಿ ಬೇಡಿಕೊಳ್ಳಬೇಕಾಯಿತು. ಅವು ಹತ್ತು ಜನರ ಕಣ್ಣ ಮುಂದಿನ ಮರಗಳು, ಹಾಗಾಗಿ ಕೇಳುವವರಿದ್ದರು. ನಮ್ಮ ಹುಣಸೆಗೆ ಯಾರೂ ಇರಲಿಲ್ಲ.

ಅದಕ್ಕೇ ಆ ಹುಡುಗನಿಗೆ ಹೇಳಿದೆ: ನಿಮ್ಮ ತಾಯಿಯ ಊರಿನ ಕೆರೆಯಂಚಿನ ತೋಪಿನಲ್ಲಿ ಹೊಂಗೆಯೋ ಅತ್ತಿಯೋ ಒಂದು ಸಸಿ ಇಡೋಣ. ಹಿಡಿ ಅಸ್ಥಿ ಅಲ್ಲಿ, ಉಳಿದದ್ದು ಹೊಳೆಗೆ. ಏರಿಯ ಮೇಲೆ ಬೇಡ, ದೊಡ್ಡ ಬೇರು ಏರಿಯನ್ನು ಬಿರಿಯುತ್ತದೆ. (ತಮಿಳಿನಲ್ಲಿ ಅರ್ಜಿ ಬರೆಯುವವರು ಎಚ್ಚರ: ಅವರ 'ಏರಿ' ಎಂದರೆ ಕೆರೆಯೇ!) 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತಿ ಒಕ್ಕೂಟದ್ದು, ಅದಕ್ಕೂ ದೊಡ್ಡದು ಜಲಸಂಪನ್ಮೂಲ ಇಲಾಖೆಯದು. ಬಾಯಿಮಾತು ಸಾಲದು, ಲಿಖಿತ ಒಪ್ಪಿಗೆ ಬೇಕು. ಮೂರು ಬೇಸಿಗೆ ನೀರು ಹಾಕುವವರ ಹೆಸರೂ ಅದರಲ್ಲಿರಲಿ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಲ್ಲಿಂದ ಕಾಡು ಕಾಣುತ್ತಾ ಮಾಮ?" ಎಂದು ಕೇಳಿದ. ಕಾಣುತ್ತದೆ ಎಂದೆ. ಮಳೆಗಾಲಕ್ಕೆ ಬರುತ್ತಾನೆ. ಕೆಲಮಂಗಲ, ತಳಿ, ಅಂಚೆಟ್ಟಿ ಕಡೆಯ ಸದಸ್ಯರು ತಮ್ಮ ಊರಿನ ತೋಪುಗಳ ವಿವರವನ್ನು ಮುಂದಿನ ಮಾಸಿಕ ಸಭೆಗೆ ತಪ್ಪದೆ ತರಬೇಕಾಗಿ ಕೋರಿಕೆ.

– ಕಾರ್ಯದರ್ಶಿ