ತಾವರೆ ಯಾವುದು, ನೈದಿಲೆ ಯಾವುದು?

ಕಳೆದ ವರ್ಷ ನಮ್ಮ ವರ್ಗದ ವಿದ್ಯಾರ್ಥಿಗಳಿಗೆ ಕಮಲದ ಚಿತ್ರವನ್ನು ಬರೆಯಲು ಹೇಳಿದ್ದೆವು. ಒಬ್ಬ ಹುಡುಗನ ಚಿತ್ರವು ಬಹಳ ಅಂದವಾಗಿತ್ತು. ಎಲೆಗಳು ನೀರಿನ ಮೇಲೆ ಹರಡಿದ್ದವು. ಪ್ರತಿಯೊಂದು ಎಲೆಗೂ ಅಂಚಿನಿಂದ ನಡುವಿನವರೆಗೆ ಒಂದು ಸೀಳಿತ್ತು. ನಾವು ಸಂತೋಷದಿಂದ ಪೂರ್ಣ ಅಂಕಗಳನ್ನು ಕೊಟ್ಟೆವು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದುನಿಂತು, "ಸರ್, ನಮ್ಮ ಅಜ್ಜಿ ಊರಾಗ ತಾವರಿ ಎಲಿಗೆ ಸೀಳು ಇರೂದಿಲ್ರಿ. ಅದರಾಗ ನಾವು ಊಟಾ ಮಾಡೇವ್ರಿ" ಎಂದಳು. ವರ್ಗವೆಲ್ಲ ನಕ್ಕಿತು. ಆದರೆ ಆಕೆಯ ಮಾತು ಸರಿಯಾಗಿತ್ತು; ತಪ್ಪು ನಮ್ಮದಾಗಿತ್ತು. ಕೆರೆಯ ದಂಡೆಯ ಊರಿನಲ್ಲಿ ಬೆಳೆದ ನಾವು, ಪುಣೆಗೆ ಬಂದು ಕೆಲವು ವರ್ಷಗಳಾಗುವಷ್ಟರಲ್ಲಿ ಕಣ್ಣಾರೆ ಕಂಡುದನ್ನು ಮರೆತಿದ್ದೆವು.

ಹೆಸರನ್ನು ಬಲ್ಲವನು ವಸ್ತುವನ್ನೂ ಬಲ್ಲನೆಂಬ ಭ್ರಮೆ ವಿದ್ಯಾವಂತರಲ್ಲಿ ಹೆಚ್ಚು. ಮೊದಲು ಸಸ್ಯವನ್ನು ನೋಡಬೇಕು, ಆಮೇಲೆ ಹೆಸರನ್ನು ಹೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ತಾವರೆಯ ಎಳೆಯ ಎಲೆಗಳು ನೀರಿನ ಮೇಲೆ ತೇಲಿದರೂ ಬಲಿತವು ನೀರಿನಿಂದ ಮೇಲೆದ್ದು ಕೊಡೆಯಂತೆ ನಿಲ್ಲುತ್ತವೆ. ಎಲೆಗೆ ಸೀಳಿಲ್ಲ, ದಂಟು ಅದರ ನಡುವಿಗೆ ಸೇರಿರುತ್ತದೆ, ಮೇಲೆ ಬಿದ್ದ ನೀರು ಮುತ್ತಾಗಿ ಉರುಳುತ್ತದೆ. ನೈದಿಲೆಯ ಎಲೆಯಾದರೋ ನೀರಿಗೆ ಅಂಟಿಕೊಂಡು ತೇಲುತ್ತದೆ ಮತ್ತು ಸೀಳಿರುತ್ತದೆ. ತಾವರೆಯ ಬೀಜಗಳು ಚಪ್ಪಟೆ ತಲೆಯ ಬಟ್ಟಲಿನ ಕುಳಿಗಳಲ್ಲಿ ನೀರಿನ ಮೇಲೆ ಬಲಿಯುತ್ತವೆ. ನೈದಿಲೆಯ ಕಾಯಿ ನೀರೊಳಗೆ ಬಲಿಯುತ್ತದೆ. ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ತಾವರೆಗೆ ನೈದಿಲೆಗಿಂತ ಕಾಶ್ಮೀರದ ಚಿನಾರ ಮರವೇ ಹತ್ತಿರದ ಬಂಧುವೆಂದು ಕಂಡುಕೊಂಡಿದ್ದಾರೆ. ರೂಪದ ಹೋಲಿಕೆ ಎಷ್ಟು ಮೋಸಗೊಳಿಸಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕಮಲವು ಸೂರ್ಯನಿಗೂ ನೈದಿಲೆಯು ಚಂದ್ರನಿಗೂ ಅರಳುವುದೆಂದು ಕಾವ್ಯಗಳಲ್ಲಿ ಓದುತ್ತೀರಿ. ಅದು ಅರ್ಧ ಸತ್ಯ. ಎಲೆಯಂಚಿನಲ್ಲಿ ಗರಗಸದಂಥ ಹಲ್ಲುಗಳುಳ್ಳ ನೈದಿಲೆಯು ರಾತ್ರಿ ಅರಳಿ, ಮರುದಿನ ಬಿಸಿಲೇರಿದಂತೆ ಮುಚ್ಚುತ್ತದೆ. ನೀಲಿ ನೈದಿಲೆಯು ಹಗಲಿನಲ್ಲಿಯೇ ಅರಳುತ್ತದೆ. ಕವಿಗಳನ್ನು ಗೌರವಿಸೋಣ, ಆದರೆ ಕೆರೆಯನ್ನೂ ಒಮ್ಮೆ ಕೇಳೋಣ.

ಎರಡು ಭಾಷೆಗಳ ನಡುವೆ ಬೆಳೆಯುವ ನಿಮಗೆ ಇನ್ನೊಂದು ತೊಡಕಿದೆ. ನಮ್ಮ ಕಾವ್ಯಗಳಲ್ಲಿ ಕುಮುದವೆಂದರೆ ನೈದಿಲೆ. ಸಾತಾರೆಯ ಬಳಿಯ ಕಾಸ ಪ್ರಸ್ಥಭೂಮಿಯಲ್ಲಿ, 2012ರಲ್ಲಿ ಪಶ್ಚಿಮ ಘಟ್ಟಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಸ್ಥಳದಲ್ಲಿ, ಕುಮುದಿನಿ ಎಂಬ ಕೆರೆಯುಂಟು. ಅಲ್ಲಿ ಜನರು ಕುಮುದಿನಿಯೆಂದು ಕರೆಯುವ ಹೂವು ನೈದಿಲೆಯಲ್ಲ. ಅದರ ಎಲೆ ನೈದಿಲೆಯನ್ನು ಹೋಲುತ್ತದೆ. ಹೂವು ಮಾತ್ರ ಚಿಕ್ಕದು, ಬಿಳಿಯದು, ದಳಗಳ ಮೇಲೆಲ್ಲ ನೂಲಿನ ಕುಚ್ಚಿನಂಥ ಎಳೆಗಳು. ಎರಡೂ ಭಾಷೆಗಳ ಜನರು ಸುಳ್ಳಾಡುತ್ತಿಲ್ಲ. ಹೆಸರಷ್ಟನ್ನೇ ನಂಬಿದವನು ಮಾತ್ರ ಮೋಸ ಹೋಗುತ್ತಾನೆ.

ಇದರಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. ನಮ್ಮ ಮುಳಾ-ಮುಠಾ ನದಿಗಳನ್ನೂ ಪಾಷಾಣ ಕೆರೆಯನ್ನೂ ನೋಡಿರಿ. ದಕ್ಷಿಣ ಅಮೆರಿಕದಿಂದ ಬಂದ ಜಲಪರ್ಣಿಯು ನೀರನ್ನು ಮುಚ್ಚಿಬಿಡುತ್ತದೆ. ಅದನ್ನು ಕಿತ್ತು ತೆಗೆಯಲೇಬೇಕು. ಆದರೆ ನೀರಿನ ಮೇಲಿನ ಹಸುರೆಲ್ಲವೂ ಕಳೆಯೆಂದು ತಿಳಿದವನ ಕೈಯಲ್ಲಿ ಈ ನಾಡಿನದೇ ಆದ ನೈದಿಲೆಯೂ ಅದರ ಜೊತೆಗೆ ಹೋಗುತ್ತದೆ. ಜಲಪರ್ಣಿಯ ಎಲೆಯ ದಂಟು ಗಾಳಿ ತುಂಬಿ ಉಬ್ಬಿರುತ್ತದೆ, ಬೇರುಗಳು ನೀರಿನಲ್ಲಿ ಜೋಲಾಡುತ್ತವೆ. ನೈದಿಲೆಯು ಕೆಸರಿನಲ್ಲಿ ಬೇರೂರಿರುತ್ತದೆ. ಇಷ್ಟು ತಿಳಿದವನು ಉಳಿಸಬೇಕಾದುದನ್ನು ಉಳಿಸಬಲ್ಲನು.

1955ರಲ್ಲಿ ಸ್ಥಾಪಿತವಾದ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಕೇಂದ್ರವು ನಮ್ಮ ನಗರದಲ್ಲಿಯೇ ಇದೆ. ಅಂಥ ಕೇಂದ್ರಗಳಲ್ಲಿ ಪಂಡಿತರು ಸಹ ಒಣಗಿಸಿಟ್ಟ ಮಾದರಿಯೊಡನೆ ಹೋಲಿಸಿ ನೋಡದೆ ಹೆಸರನ್ನು ನಿಶ್ಚಯಿಸುವುದಿಲ್ಲ. ಅವರಿಗಿಲ್ಲದ ಅವಸರ ನಮಗೇಕೆ? ರಜೆಯಲ್ಲಿ ಊರಿಗೆ ಹೋದಾಗ, ಹಿರಿಯರನ್ನು ಜೊತೆಗೆ ಕರೆದುಕೊಂಡು ಕೆರೆಯ ದಂಡೆಗೆ ಹೋಗಿರಿ. ಎಲೆಯನ್ನು ನೋಡಿರಿ, ಅರಳುವ ಹೊತ್ತನ್ನು ಗುರುತಿಸಿರಿ, ಆ ಊರಿನ ಹೆಸರನ್ನು ಕೇಳಿ ಬರೆದುಕೊಳ್ಳಿರಿ.

ಆ ಹುಡುಗನ ಅಂಕಗಳನ್ನು ನಾವು ಕಡಿಮೆ ಮಾಡಲಿಲ್ಲ. ಚಿತ್ರದ ಕೆಳಗೆ 'ಕಮಲ' ಎಂದಿದ್ದುದನ್ನು ನಾವೇ ಹೊಡೆದುಹಾಕಿ, 'ನೈದಿಲೆ' ಎಂದು ಬರೆದೆವು. ಚಿತ್ರವು ಮೊದಲಿನಿಂದಲೂ ಸರಿಯಾಗಿಯೇ ಇತ್ತು.