ಟೇಪು ಒಂದು, ಲೆಕ್ಕ ಹಲವು!

ಕಿತ್ತೂರು ಕಡೆ ಸಾಗವಾನಿ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಬೇವು, ಜಾಲಿ. ಮಗಳ ಮದುವೆಗೋ ಸಾಲದ ಕಂತಿಗೋ ಬದುವಿನ ಮರ ಮಾರುವ ರೈತ ಕಟ್ಟಿಗೆ ಅಡ್ಡೆಯಲ್ಲಿ ಕೇಳುವುದು ಒಂದೇ ಮಾತು: “ಸಾವ್ಕಾರ್ರ, ಇಷ್ಟ ದೊಡ್ಡ ದಿಮ್ಮಿಗೆ ಇಷ್ಟ ಫೂಟ್ ಏನ್ರಿ?” ಉತ್ತರವೂ ಒಂದೇ: “ಲೆಕ್ಕಾನ ಹಂಗೈತಿ ನೋಡ್ರಿ ಕಾಕಾ.”

ಆ ಲೆಕ್ಕವಾದರೂ ಎಂಥದು?

ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು ರೂಢಿ. 1736ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಅಚ್ಚು ಹಾಕಿಸಿದ ಕೋಷ್ಟಕದಿಂದ ಹೆಸರಾದ ಲೆಕ್ಕವಿದು. ಇಂಗ್ಲಿಷರು ಹೋದರು, ಲೆಕ್ಕ ಉಳಿಯಿತು.

60 ಇಂಚು ಸುತ್ತಳತೆ, 10 ಫೂಟು ಉದ್ದದ ದಿಮ್ಮಿ ಇದೆ ಎನ್ನಿ. ಕಾಲುಭಾಗ 15 ಇಂಚು. 15 ಹದಿನೈದಲೆ 225. ಅದನ್ನು 144ರಿಂದ ಭಾಗಿಸಿ ಉದ್ದದಿಂದ ಗುಣಿಸಿದರೆ 15.6 ಘನ ಫೂಟು. ಆದರೆ ದುಂಡು ದಿಮ್ಮಿಯ ನಿಜವಾದ ಗಾತ್ರ 19.9! ನೂರಕ್ಕೆ ಇಪ್ಪತ್ತೊಂದೂವರೆ ಫೂಟು ಕಾಗದದ ಮೇಲೇ ಮಾಯ.

ಇಷ್ಟಕ್ಕೇ ಮೋಸ ಎನ್ನುವುದು ಸರಿಯಲ್ಲ. ದುಂಡು ದಿಮ್ಮಿ ಹಲಗೆಯಾಗುವಾಗ ಹೊರಮೈ ಸೀಳು, ಗರಗಸದ ಹೊಟ್ಟು ಹೋಗಲೇಬೇಕು. ಆ ನಷ್ಟಕ್ಕೆ ಈ ವಜಾ. ಅಮೆರಿಕದಲ್ಲೂ ಡಾಯಲ್, ಸ್ಕ್ರಿಬ್ನರ್ ಎಂಬ ಬೇರೆ ಬೇರೆ ಲೆಕ್ಕಗಳಿವೆ. ಒಂದೇ ದಿಮ್ಮಿಗೆ ಒಂದೊಂದರ ಅಂಕಿ ಒಂದೊಂದು.

ತಕರಾರು ಇರುವುದು ವಜಾದ ಮೇಲೆ ವಜಾ ಹಾಕಿದಾಗ. ಕಾಲುಸುತ್ತಿನಲ್ಲಿ ಒಮ್ಮೆ, ಸುಲಿದ ದಿಮ್ಮಿಗೂ ತೊಗಟೆಯ ಹೆಸರಿನಲ್ಲಿ ಇನ್ನೊಮ್ಮೆ, ಟೇಪನ್ನು ನಡುವೆ ಹಿಡಿಯದೆ ಸಣ್ಣ ತುದಿಗೆ ಹಿಡಿದು ಮತ್ತೊಮ್ಮೆ. ಅದೇ ದಿಮ್ಮಿಯ ತುದಿ 52 ಇಂಚು ಇದ್ದರೆ 15.6 ಫೂಟು ಇಳಿದು 11.7 ಆಗುತ್ತದೆ. ಟೇಪು ಸರಿದಷ್ಟಕ್ಕೇ ನಾಲ್ಕು ಫೂಟು ಹೋಯಿತು!

2009ರ ಕಾನೂನು ಮಾಪನ ಕಾಯ್ದೆ ಮೆಟ್ರಿಕ್ ಅಳತೆಯೇ ಬೇಕು ಎನ್ನುತ್ತದೆ. ಅಲ್ಲಿಯೂ ಎಚ್ಚರ ಬೇಕು. ಒಂದು ಘನ ಮೀಟರ್ ಎಂದರೆ ನಿಜವಾದ ಫೂಟಿನಲ್ಲಿ 35.3, ಕಾಲುಸುತ್ತಿನ ಫೂಟಿನಲ್ಲಿ 27.7. ಯಾವ ಫೂಟು ಎಂದು ಕೇಳದೆ ದರಕ್ಕೆ ಹೂಂ ಅಂದವನು ಕೆಟ್ಟ.

ಅಂಗಡಿಗೆ ಹಲಗೆ, ಮನೆಗೆ ಚೌಕಟ್ಟು ಕೊಳ್ಳುವವರ ಲೆಕ್ಕವೇ ಬೇರೆ: ಕೊಯ್ದ ಕಟ್ಟಿಗೆಗೆ ಅಗಲ, ದಪ್ಪ, ಉದ್ದ ಗುಣಿಸಿ ಪೂರಾ ಫೂಟು. ಹೀಗಾಗಿ ದಿಮ್ಮಿಯ ದರವನ್ನೂ ಹಲಗೆಯ ದರವನ್ನೂ ಒಂದೇ ತಕ್ಕಡಿಗೆ ಹಾಕಬೇಡಿರಿ.

ದರ ಕೇಳುವ ಮುನ್ನ ಮೂರು ಮಾತು ಕೇಳಿರಿ: ಟೇಪು ಎಲ್ಲಿ ಹಿಡಿಯುತ್ತೀರಿ? ತೊಗಟೆ ಸೇರಿಯೋ, ಬಿಟ್ಟೋ? ಲೆಕ್ಕ ಯಾವುದು? ಅಡ್ಡೆಯವರು ಇದನ್ನು ಹಲಗೆಯ ಮೇಲೆ ಬರೆದು ಬಾಗಿಲಿಗೆ ತೂಗುಹಾಕಲಿ. ಪ್ರಾಮಾಣಿಕರಿಗೆ ಇದರಿಂದ ನಷ್ಟವಿಲ್ಲ. ತೂಕದ ಕಲ್ಲಿಗೆ ಮುದ್ರೆ ಒತ್ತುವ ಇಲಾಖೆ ಟೇಪಿನ ಕಡೆಗೂ ಕಣ್ಣು ಹಾಯಿಸಲಿ.