ಸೊನ್ನೆಗೆ ಎಷ್ಟು ಅರ್ಥ?

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೀನಿ.

ಮೊನ್ನೆ ಅಮೆರಿಕದಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಮಗಳಿಗೆ ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಅಲ್ಲಿನ 'ಡೇಟಾ ಮೈನ್'ಗೆ ಸೇರಲೇಬೇಕು ಅಂತ ಅವಳ ಹಟ. "ಡೇಟಾ ಸೈನ್ಸ್ ಕಲಿಯೋಕೆ ಅದೇ ಹಾಸ್ಟೆಲ್‌ನಲ್ಲೇ ಯಾಕೋ ಇರ್ಬೇಕು? ಪಾಠ ಯೂಟ್ಯೂಬ್‌ನಲ್ಲಿದೆ, ಕೋಡ್ ಬರೆಯೋಕೆ ಎಐ ಇದೆ. ನೀನಾದ್ರೂ ಬುದ್ಧಿ ಹೇಳು" ಅಂದರು.

ಹೇಳಿದೆ. ಚಿಕ್ಕಪ್ಪನಿಗೆ :)

ಗೊತ್ತಿಲ್ಲದವರಿಗೆ ಎರಡು ಮಾತು. ಡೇಟಾ ಮೈನ್ ಶುರುವಾಗಿದ್ದು 2018ರಲ್ಲಿ, ಸಂಖ್ಯಾಶಾಸ್ತ್ರದ ಪ್ರೊಫೆಸರ್ ಮಾರ್ಕ್ ಡೇನಿಯಲ್ ವಾರ್ಡ್ ಅವರ ನೇತೃತ್ವದಲ್ಲಿ. ಯಾವ ವಿಭಾಗದವರಾದರೂ ಸೇರಬಹುದು, ಮೊದಲೇ ಕೋಡಿಂಗ್ ಬರಬೇಕಿಲ್ಲ. ಹಿಲೆನ್‌ಬ್ರಾಂಡ್ ಹಾಲ್ ಅನ್ನೋ ಹಾಸ್ಟೆಲ್‌ನಲ್ಲಿ ಒಟ್ಟಿಗೆ ವಾಸ, ಒಂದು ಕ್ರೆಡಿಟ್‌ನ ಸೆಮಿನಾರ್. ಬೇಕಿದ್ದವರು ಕಂಪನಿಗಳು ಕೊಡುವ ನಿಜವಾದ ಸಮಸ್ಯೆಯೊಂದರ ಮೇಲೆ ಇಡೀ ಶೈಕ್ಷಣಿಕ ವರ್ಷ ತಂಡವಾಗಿ ಕೆಲಸ ಮಾಡಬಹುದು. ಒಟ್ಟಿಗೆ ಬದುಕಿ ಕಲಿಯೋ ಯೋಚನೆಯೇನೂ ಹೊಸದಲ್ಲ. 1927ರಲ್ಲೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಮೈಕಲ್‌ಜಾನ್ ಇಂಥದ್ದೊಂದು ಕಾಲೇಜು ಕಟ್ಟಿದ್ದರು. 1932ರಲ್ಲಿ ಅದು ಮುಚ್ಚಿತು.

ಈಗ ನನ್ನ ಕಥೆ. ನಾಲ್ಕು ವರ್ಷ ನಾನೂ ಹಾಸ್ಟೆಲ್‌ನಲ್ಲೇ ಇದ್ದೆ. ಕಂಪ್ಯೂಟರ್ ಸೈನ್ಸ್‌ನವರದ್ದು ಒಂದು ಮಹಡಿ, ಸಿವಿಲ್‌ನವರದ್ದು ಇನ್ನೊಂದು. ಮಾತಾಡ್ತಿದ್ದಿದ್ದು ಮೆಸ್ಸಿನ ಸಾಂಬಾರು ಮತ್ತು ಕ್ರಿಕೆಟ್ ಬಗ್ಗೆ ಮಾತ್ರ. ಕೊನೇ ವರ್ಷದ ಪ್ರಾಜೆಕ್ಟನ್ನು ನಾವು ನಾಲ್ಕು ಜನ ದುಡ್ಡು ಹಾಕಿ ಅಂಗಡಿಯಿಂದ ಕೊಂಡುಕೊಂಡೆವು. ಹೌದು, ಕೊಂಡುಕೊಂಡೆವು. ಬೆಳೆ ಇಳುವರಿ ಊಹಿಸೋ ಪ್ರಾಜೆಕ್ಟು. ರಿಪೋರ್ಟೂ ಬೈಂಡ್ ಆಗಿಯೇ ಬಂದಿತ್ತು.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಮೇಡಂ ಒಂದೇ ಪ್ರಶ್ನೆ ಕೇಳಿದರು. "ಇಲ್ಲಿ ರಾಗಿ ಇಳುವರಿ ಸೊನ್ನೆ ಅಂತಿದೆಯಲ್ಲ, ಹಾಗಂದ್ರೆ ಏನು?" ನಾಲ್ಕೂ ಜನ ನೆಲ ನೋಡಿದೆವು. ಪಾಸಂತೂ ಆದೆವು, ಅದು ಬೇರೆ ಮಾತು.

ಆ ರಾತ್ರಿ ಮೆಸ್ಸಿನಲ್ಲಿ ಮಂಡ್ಯ ಕಡೆಯ ಸಿವಿಲ್ ಹುಡುಗನೊಬ್ಬನಿಗೆ ಇದನ್ನು ಹೇಳಿದೆ. ಅವರ ಮನೆಯಲ್ಲಿ ರಾಗಿ ಬೆಳೀತಾರೆ. ಅನ್ನ ಕಲಸುತ್ತಲೇ ಕೇಳಿದ: "ಮಳೆ ಬರದೆ ಒಣಗಿ ಹೋಯ್ತಾ? ಆ ವರ್ಷ ಬಿತ್ತಲೇ ಇಲ್ವಾ? ಇಲ್ಲಾ, ಗುಮಾಸ್ತ ಬರ್ಕೊಳ್ಳೋದು ಮರೆತನಾ?"

ಒಂದು ಸೊನ್ನೆಗೆ ಮೂರು ಅರ್ಥ! ಮೂರನ್ನೂ ಒಂದೇ ಅಂತ ಲೆಕ್ಕಕ್ಕೆ ಹಾಕಿದರೆ ಉತ್ತರ ಸುಳ್ಳು. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದವನ ಹತ್ತಿರ ಇದನ್ನು ಕೇಳಲು ನನಗೆ ಪ್ರಾಜೆಕ್ಟು ಮುಗಿಯಬೇಕಾಯ್ತು.

ಚಿಕ್ಕಪ್ಪನಿಗೆ ನಾನು ಹೇಳಿದ್ದು ಇಷ್ಟೇ. ಯೂಟ್ಯೂಬ್ ಪೈಥಾನ್ ಕಲಿಸುತ್ತೆ, ಎಐ ಕೋಡ್ ಬರೆದುಕೊಡುತ್ತೆ. ಆದರೆ ನಾವು ಕೇಳಬೇಕು ಅಂತಲೇ ಹೊಳೆಯದ ಪ್ರಶ್ನೆಯನ್ನು ಕೇಳೋಕೆ ಪಕ್ಕದ ರೂಮಿನವನು ಬೇಕು. ಕೃಷಿ ಓದುವವಳು, ನರ್ಸಿಂಗ್ ಓದುವವನು ಬೇಕು. ರಾತ್ರಿ ಹತ್ತೂವರೆಗೆ ಬಾಗಿಲು ತಟ್ಟಿ "ಈ ನಂಬರ್ ಎಲ್ಲಿಂದ ಬಂತು?" ಅನ್ನುವಷ್ಟು ಸಲಿಗೆ ಬೇಕು. ಅದಕ್ಕೇ ಹಾಸ್ಟೆಲ್ಲು.

ಹಾಗಂತ ಕಣ್ಣು ಮುಚ್ಚಿ ಹೊಗಳುತ್ತಿಲ್ಲ. ಕಂಪನಿ ಕೊಟ್ಟ ಸಮಸ್ಯೆ ಕಂಪನಿಗೆ ಬೇಕಾದ ಸಮಸ್ಯೆ. ಅದನ್ನಷ್ಟೇ ಬಿಡಿಸಿ ರೆಸ್ಯೂಮೆಗೆ ಒಂದು ಸಾಲು ಸೇರಿಸಿದರೆ ಅದು ಸಂಶೋಧನೆಯಲ್ಲ, ಮುಂಗಡವಾಗಿ ಮಾಡಿದ ನೌಕರಿ. ತಂಗಿಗೆ ಇದನ್ನೂ ಹೇಳಿದ್ದೀನಿ. "ನಿಂದೇ ಒಂದು ಪ್ರಶ್ನೆ ಇಟ್ಕೊಂಡು ಹೋಗು ಪುಟ್ಟಿ" ಅಂದೆ. "ಸರಿ ಅಣ್ಣ" ಅಂದಳು.

ನಮ್ಮಲ್ಲಿ ಹಾಸ್ಟೆಲ್ಲುಗಳಿಗೆ ಬರವಿಲ್ಲ. ಹಾಕಬೇಕಾಗಿರೋದು ಮೆಸ್ಸಿನ ಮೂಲೆಯಲ್ಲಿ ಒಂದು ಬೋರ್ಡು, ತೆಗೆಯಬೇಕಾಗಿರೋದು ಮಹಡಿಗಳ ಲೆಕ್ಕ. ಅದಕ್ಕೂ ಅಮೆರಿಕದವರೇ ಬರಬೇಕಾ?

ನಿಮ್ಮಲ್ಲೂ ಪ್ರಾಜೆಕ್ಟ್ ಕೊಂಡುಕೊಂಡವರು ಇದ್ದೇ ಇರ್ತೀರಿ. ಬನ್ನಿ, ಬೈಯಿರಿ ಅಥವಾ ಒಪ್ಪಿಕೊಳ್ಳಿ.